ತಾತನ ತಂತಿಯಲ್ಲಿದ್ದ ಕಾಗದಗಳು

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಬಸ್ಸಿನಲ್ಲಿ ಓಡಾಡಿದವರಿಗೆ ಗೊತ್ತು, ಅಲ್ಲಿ ಎಷ್ಟೋ ಊರುಗಳ ಹೆಸರಿನ ಕೊನೆಗೆ ‘ಕ್ಯಾಂಪ್’ ಅಂತ ಇರುತ್ತದೆ. ಅಂಥ ಒಂದು ಕ್ಯಾಂಪ್ ನಮ್ಮದು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟರು. ಆಮೇಲೆ ಆಂಧ್ರದ ಕೃಷ್ಣಾ, ಗುಂಟೂರು, ಗೋದಾವರಿ ಜಿಲ್ಲೆಗಳ ರೈತರು ಎಡದಂಡೆ ಕಾಲುವೆಯ ಉದ್ದಕ್ಕೂ ಹೊಲ ಕೊಂಡು ಬಂದು ನೆಲೆಸಿದರು. ಅಲ್ಲಿ ಒಂದು ಎಕರೆ ಮಾರಿದರೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತು. ನಮ್ಮ ತಾತ ಬಂದದ್ದು ದಿವಿಸೀಮೆಯಿಂದ, ಕೃಷ್ಣಾ ನದಿ ಸಮುದ್ರ ಸೇರುವ ಕಡೆಯಿಂದ.

ಮನೆಯಲ್ಲಿ ನಾವು ಕೇಳಿ ಬೆಳೆದ ಕಥೆ ಒಂದೇ. ಇಲ್ಲಿ ಏನೂ ಇರಲಿಲ್ಲ, ಬರೀ ಜಾಲಿ ಗಿಡ, ನಾವು ಬಂದು ಬಂಗಾರ ಬೆಳೆದೆವು. ಪ್ರತಿ ಮದುವೆಯಲ್ಲೂ ಯಾರಾದರೂ ಹಿರಿಯರು ಇದನ್ನು ಹೇಳಿಯೇ ಹೇಳುತ್ತಾರೆ. ತಾತನಿಗೆ ಬಂದ ಕಾಗದಗಳನ್ನು ಓದಿದ ಮೇಲೆ ನನಗೆ ಅದನ್ನು ಹಾಗೇ ಒಪ್ಪಲು ಆಗಲಿಲ್ಲ. ಅವನ್ನು ಹೇಗೆ ಕಾಪಾಡಿದೆ, ಹೇಗೆ ಓದಿದೆ ಅಂತ ಬರೆಯುತ್ತೇನೆ. ನಿಮ್ಮ ಅಟ್ಟದ ಮೇಲೂ ಇಂಥದ್ದೊಂದು ಗಂಟು ಇರಬಹುದು.

ಗಂಟು ಅಂದೆ, ಆದರೆ ನಮ್ಮಲ್ಲಿದ್ದದ್ದು ತಂತಿ. ತಳಕ್ಕೆ ಒಂದು ಮರದ ಬಿಲ್ಲೆ, ತುದಿಗೆ ಕೊಕ್ಕೆ. ಕಾಗದ ಬಂದರೆ ಓದುವುದು, ತಂತಿಗೆ ಚುಚ್ಚುವುದು, ಗೋಡೆಯ ಮೊಳೆಗೆ ತೂಗುಹಾಕುವುದು. ಹಾಗಾಗಿ ಎಲ್ಲ ಕಾಗದಗಳ ನಡುವೆಯೂ ಒಂದು ತೂತು, ತೂತಿನ ಸುತ್ತ ತುಕ್ಕಿನ ಕಂದು ಕಲೆ. ಅಲ್ಲಿದ್ದ ಅಕ್ಷರಗಳು ಹೋಗಿವೆ. ಆದರೆ ಆ ತಂತಿಯೇ ದೊಡ್ಡ ಉಪಕಾರ ಮಾಡಿತ್ತು. ಮೊದಲು ಬಂದದ್ದು ತಳದಲ್ಲಿ, ಕೊನೆಗೆ ಬಂದದ್ದು ಮೇಲೆ. ಬಂದ ಕ್ರಮ ಕೆಟ್ಟಿರಲಿಲ್ಲ. ತುಕ್ಕು ಹಿಡಿದ ತಂತಿಯಿಂದ ಎಳೆದರೆ ಹಳೆಯ ಕಾಗದ ಹರಿಯುತ್ತದೆ ಅಂತ ಇಕ್ಕಳದಿಂದ ಕೊಕ್ಕೆ ಕತ್ತರಿಸಿ, ಒಂದೊಂದನ್ನೇ ಮೇಲೆತ್ತಿದೆ. ಎತ್ತಿದ ಕೂಡಲೇ ಮೂಲೆಯಲ್ಲಿ ಮೆತ್ತನೆ ಪೆನ್ಸಿಲ್‌ನಲ್ಲಿ ನಂಬರು ಹಾಕಿದೆ. ಯಾರು ಬರೆದದ್ದು, ಯಾವ ವರ್ಷ ಅಂತ ನೋಡುವುದೆಲ್ಲ ಆಮೇಲೆ. ಕಾಗದಗಳನ್ನು ವಿಷಯದ ಪ್ರಕಾರ ಬೇರೆ ಬೇರೆ ಮಾಡೋಣ ಅಂತ ನನ್ನ ತಮ್ಮ ಹೇಳಿದ. ನಾನು ಒಪ್ಪಲಿಲ್ಲ.

ಧೂಳು ತೆಗೆಯಲು ಮೃದುವಾದ ಒಣ ಬ್ರಷ್ ಸಾಕು. ಲ್ಯಾಮಿನೇಷನ್ ಬೇಡವೇ ಬೇಡ, ಸೆಲ್ಲೋ ಟೇಪ್ ಕೂಡ ಬೇಡ. ಟೇಪಿನ ಅಂಟು ವರ್ಷ ಕಳೆದಂತೆ ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಇನ್‌ಲ್ಯಾಂಡ್ ಪತ್ರ ಮಾತ್ರ ಸ್ವಲ್ಪ ತಾಳ್ಮೆ ಕೇಳುತ್ತದೆ. ಮಡಿಕೆಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಅವಸರ ಮಾಡಿದರೆ ಮುರಿಯುತ್ತದೆ. ಅದರ ಅಂಚು, ಕಿವಿ, ಅಂಟಿಸುವ ಜಾಗ ಎಲ್ಲ ಕಡೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ದುಡ್ಡು ಕೊಟ್ಟ ಜಾಗ ಖಾಲಿ ಬಿಡುವುದುಂಟೇ! ನಿಜವಾದ ಸುದ್ದಿ ಅಲ್ಲೇ ಇರುತ್ತದೆ. ಫೋಟೊ ತೆಗೆಯುವಾಗ ವಿಳಾಸದ ಬದಿ, ಮುದ್ರೆ, ಅಂಚು ಯಾವುದನ್ನೂ ಬಿಡಬೇಡಿ. ಮಾಸಿದ ಅಕ್ಷರಕ್ಕೆ ಕಿಟಕಿಯ ಓರೆ ಬೆಳಕು ಒಳ್ಳೆಯದು.

ಮುಕ್ಕಾಲು ಪಾಲು ಕಾಗದಗಳಲ್ಲಿ ಅಂಚೆ ಮುದ್ರೆ ಬರೀ ಮಸಿ ಕಲೆ, ತಾರೀಕು ಓದಲು ಬರುವುದಿಲ್ಲ. ಆದರೆ ವಿಳಾಸ ನೋಡಿದರೆ ಕಾಲ ತಿಳಿಯುತ್ತದೆ. ‘ರಾಯಚೂರು ಜಿಲ್ಲೆ, ಹೈದರಾಬಾದ್ ಸ್ಟೇಟ್’ ಅಂತಿದ್ದರೆ ಸಾಮಾನ್ಯವಾಗಿ 1956ರ ನವೆಂಬರ್‌ಗೆ ಮುಂಚಿನದು. ಆಮೇಲೆ ಮೈಸೂರು, 1973ರಿಂದ ಕರ್ನಾಟಕ. ಅಂಚೆಯ ಬೆಲೆ ಆಣೆಯಲ್ಲಿದ್ದರೆ ಹಳೆಯದು, ನಯೇ ಪೈಸೆಯಲ್ಲಿದ್ದರೆ 1957ರ ಏಪ್ರಿಲ್‌ನಿಂದ ಈಚೆಗೆ. ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ಕೆಲವರು ಇಂಗ್ಲಿಷ್ ತಾರೀಕೇ ಹಾಕದೆ ಸಂವತ್ಸರ ಬರೆದಿದ್ದರು. ವಿಜಯ ಅಂದರೆ 1953ರ ಯುಗಾದಿಯಿಂದ ಮುಂದಿನ ಯುಗಾದಿವರೆಗೆ, ಆಮೇಲೆ ಜಯ, ಮನ್ಮಥ, ದುರ್ಮುಖಿ. ಇಷ್ಟಾದರೂ ಅನುಮಾನ ಇದ್ದರೆ ತಂತಿಯ ನಂಬರು ಇದ್ದೇ ಇದೆ.

ಓದುವುದು ಬೇರೆಯೇ ಕಷ್ಟ. ನಾನು ಓದಿದ್ದು ಕನ್ನಡ ಶಾಲೆ, ತೆಲುಗು ಬರೀ ಮನೆಮಾತು. ಅಚ್ಚಿನ ತೆಲುಗು ಕನ್ನಡ ಬಲ್ಲವರಿಗೆ ಬೇಗ ಬರುತ್ತದೆ. ಆದರೆ ಹಳಬರ ಗೊಲುಸುಕಟ್ಟು ಬರಹ, ನಮ್ಮ ಮೋಡಿಯ ಹಾಗೆ, ಪದಗಳ ನಡುವೆ ಜಾಗವೇ ಬಿಡದೆ ಓಡುತ್ತದೆ. ಹಾಗಾಗಿ ಸೋದರತ್ತೆಯ ಪಕ್ಕ ಕೂತು ಓದಿಸಿದೆ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಅತ್ತೆ ಒಂದೊಂದು ಕಡೆ ಓದುತ್ತಾ ಓದುತ್ತಾ ಸುಮ್ಮನಾಗುತ್ತಿದ್ದರು. ತುಟಿ ಮಾತ್ರ ಅಲ್ಲಾಡುತ್ತಿತ್ತು. “ಏನಿದೆ ಅತ್ತೆ?” ಅಂದರೆ, “ಏನಿಲ್ಲ ಬಿಡು, ಆಸ್ತಿ ಮಾತು” ಅನ್ನುತ್ತಿದ್ದರು. ನಾನು ಅಲ್ಲೇ ಒತ್ತಾಯ ಮಾಡಲಿಲ್ಲ, ನಂಬರು ಗುರುತು ಹಾಕಿಕೊಂಡೆ. ಬೇರೆ ದಿನ, ಬೇರೆ ಮಾತಿನ ನಡುವೆ, ಅವರೇ ಹೇಳಿದರು.

ಇನ್ನೊಂದು ತೊಡಕು ಎಲ್ಲ ಮನೆಯಲ್ಲೂ ಬರುವಂಥದ್ದು. ನಮ್ಮ ಹತ್ತಿರ ಇರುವುದು ನಮಗೆ ಬಂದ ಕಾಗದ. ತಾತ ಬರೆದದ್ದು ಊರಲ್ಲಿರಬೇಕು. 1977ರ ನವೆಂಬರ್ 19ರಂದು ದಿವಿಸೀಮೆಗೆ ಚಂಡಮಾರುತ ಅಪ್ಪಳಿಸಿ ಸಮುದ್ರವೇ ಊರುಗಳ ಮೇಲೆ ನುಗ್ಗಿತು. ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಊರಿನ ಮನೆಯೇ ಉಳಿಯಲಿಲ್ಲ, ಕಾಗದ ಎಲ್ಲಿಂದ ಉಳಿಯಬೇಕು? ಸಾವಿನ ಕಾಗದವನ್ನು ಓದಿದ ಮೇಲೆ ಹರಿದು ಹಾಕುವುದು ನಮ್ಮಲ್ಲಿ ರೂಢಿ. ತಂತಿಯಲ್ಲಿ ಅಂಥದ್ದು ಒಂದೂ ಇರಲಿಲ್ಲ. ಯಾರು ಯಾವಾಗ ಹೋದರು ಅನ್ನುವುದನ್ನು ಮುಂದಿನ ಕಾಗದಗಳಲ್ಲಿ ಯಾರ ಹೆಸರು ಬರುವುದಿಲ್ಲ ಅಂತ ನೋಡಿ ಊಹಿಸಬೇಕಾಯಿತು. ಆ ಚಂಡಮಾರುತದ ಸುದ್ದಿ ತಂದ ಇನ್‌ಲ್ಯಾಂಡ್ ಒಂದನ್ನು ಮಾತ್ರ ತಾತ ಹರಿದಿರಲಿಲ್ಲ. ಅದೂ ಎಲ್ಲದರ ಜೊತೆ ಚುಚ್ಚಿತ್ತು.

ಹಾಗಾದರೆ ತಾತನ ಮಾತು ಪೂರ್ತಿ ಹೋಯಿತೇ? ಇಲ್ಲ. ಮುತ್ತಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಊರಲ್ಲಿ ಯಾರಿಂದಲೋ ಹೇಳಿ ಬರೆಸುತ್ತಿದ್ದಳು. ಹೇಳಿ ಬರೆಸುವವರು ಮೊದಲು ಬಂದ ಸುದ್ದಿಯನ್ನು ಒಮ್ಮೆ ತಾವೇ ಹೇಳಿ, ಆಮೇಲೆ ಉತ್ತರ ಕೊಡುತ್ತಾರೆ. ‘ನೀನು ಬರೆದಿದ್ದೀಯ’ ಅಂತ ಶುರುವಾಗುವ ಸಾಲುಗಳನ್ನೆಲ್ಲ ನಾನು ಒಂದು ನೋಟ್‌ಬುಕ್ಕಿನಲ್ಲಿ ಬೇರೆಯಾಗಿ ಬರೆದುಕೊಂಡೆ. ತಾತ ಬರೆದದ್ದರಲ್ಲಿ ಸುಮಾರಷ್ಟು ಹಾಗೆ ವಾಪಸ್ ಬಂತು. ಎರೆಹೊಲ ಮಟ್ಟ ಮಾಡಿ ಮಡಿ ಕಟ್ಟಿಸುವುದಕ್ಕೆ ಎತ್ತು ಸಾಲದು ಅಂತ ಬರೆದಿದ್ದೀಯ. ಅಲ್ಲಿ ಎಲ್ಲರೂ ಭತ್ತ ಹಾಕಲು ಅಧಿಕಾರಿಗಳು ಬಿಡುವುದಿಲ್ಲವಂತೆ, ಜೋಳ, ಹತ್ತಿ ಬೆಳೆಯಿರಿ ಅನ್ನುತ್ತಾರಂತೆ. (ಭತ್ತ ಹಾಕೇ ಹಾಕಿದರು. ಕಾಲುವೆಯ ಕೊನೆಯ ಭಾಗದವರಿಗೆ ನೀರು ಸಾಲದೆ ಬಂದ ಜಗಳ ಇವತ್ತಿಗೂ ಮುಗಿದಿಲ್ಲ.) ಮಕ್ಕಳು ಅನ್ನ ಬಿಟ್ಟು ಜೋಳದ ರೊಟ್ಟಿ ತಿನ್ನುತ್ತಿವೆಯಂತೆ, ಅಕ್ಕಿ ಕಳಿಸಲೇ? ಈಗ ಇಡೀ ರಾಜ್ಯಕ್ಕೆ ಅಕ್ಕಿ ಕಳಿಸುವ ಗಂಗಾವತಿಗೆ ಆಗ ಅಕ್ಕಿ ಬೇಕೇ ಅಂತ ಕೇಳಿದ್ದಾಳೆ!

ಅದೇ ಕಾಗದದ ಅಂಚಿನಲ್ಲಿ, ಅಡ್ಡಡ್ಡ ಬರೆದ ಸಾಲು ಇದು: ‘ಹೊಲ ಮಾರಿದ ಗೌಡರ ಮನೆಯವರೇ ಮೊದಲ ವರ್ಷ ಜೋಳ, ಎತ್ತು ಕೊಟ್ಟರು ಅಂತ ಬರೆದಿದ್ದೀಯ. ಅವರ ಋಣ ಮರೆಯಬೇಡ.’

ನಮ್ಮ ಮದುವೆ ಮನೆ ಕಥೆಯಲ್ಲಿ ಗೌಡರು ಬರುವುದೇ ಇಲ್ಲ. ಅವರ ಜೋಳವೂ ಇಲ್ಲ, ಎತ್ತೂ ಇಲ್ಲ. ಏನೂ ಇಲ್ಲದ ಜಾಗದಲ್ಲಿ ಜೋಳ ಎಲ್ಲಿಂದ ಬಂತು? ಅಲ್ಲಿ ಮಳೆ ನಂಬಿ ಬೆಳೆಯುವ ಹೊಲ ಇತ್ತು, ಅದಕ್ಕೆ ಒಡೆಯರಿದ್ದರು. ನಮ್ಮವರ ದುಡಿಮೆ ಸುಳ್ಳಲ್ಲ. ಆದರೆ ಈ ಸಾಲನ್ನು ಮರೆತು ಆ ಕಥೆ ಹೇಳುವುದು ನನಗೆ ಈಗ ಕಷ್ಟ.

ಆ ಕಾಗದದ ಪ್ರಿಂಟ್ ತೆಗೆದುಕೊಂಡು ಪಕ್ಕದ ಊರಿನ ಗೌಡರ ಮೊಮ್ಮಗನ ಮನೆಗೆ ಹೋದೆ. ಅವರು ಚಹಾ ಕೊಟ್ಟು, ನಾನು ಓದಿದ್ದನ್ನು ಕೇಳಿ ನಕ್ಕರು. “ಎತ್ತು ಕೊಟ್ಟದ್ದು ನಮ್ಮ ಮನ್ಯಾಗೂ ಹೇಳ್ತಾರ. ವಾಪಸ್ ಬಂದಿದ್ದು ಮಾತ್ರ ಯಾರೂ ಹೇಳಂಗಿಲ್ಲ ನೋಡ್ರಿ” ಅಂದರು. ಅವರ ಕಡೆ ಕಥೆ ಬೇರೆ. ನೀರಾವರಿಗೆ ಹೊಲ ಹದ ಮಾಡಲು ದುಡ್ಡು ಇರಲಿಲ್ಲ, ನೀರಿನ ಕಂದಾಯ ಎಷ್ಟು ಬೀಳುತ್ತದೋ ಅನ್ನುವ ಹೆದರಿಕೆ, ಅದಕ್ಕೇ ಮಾರಿದ್ದು. ನೀರು ಬರುತ್ತದೆ ಅಂತ ನಾವು ಕೊಂಡೆವು, ನೀರು ಬರುತ್ತದೆ ಅಂತಲೇ ಅವರು ಮಾರಿದರು.

ಒಳಗಿನಿಂದ ಅವರು ಒಂದು ಖರೀದಿ ಪತ್ರ ತಂದರು. ಹೈದರಾಬಾದ್ ಕಾಲದ್ದು, ಪೂರ್ತಿ ಉರ್ದು. ಅವರಿಗೂ ಓದಲು ಬರುವುದಿಲ್ಲ, ನನಗೂ ಬರುವುದಿಲ್ಲ. ಅಲ್ಲೇ ಫೋಟೊ ತೆಗೆದುಕೊಂಡು, ನಮ್ಮ ಕಾಗದಗಳ ಫೋಲ್ಡರ್‌ನಲ್ಲೇ ಹಾಕಿ ಅವರಿಗೂ ಕಳಿಸಿದೆ. ರಾಯಚೂರಿನಲ್ಲಿ ಹಳೆಯ ಉರ್ದು ದಸ್ತಾವೇಜು ಓದುವ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಭತ್ತದ ಕೊಯ್ಲು ಮುಗಿದ ಮೇಲೆ ಗೌಡರ ಮೊಮ್ಮಗ, ನಾನು ಇಬ್ಬರೂ ಹೋಗುತ್ತಿದ್ದೇವೆ.