ಆಲ್ಫಾ-ಸಿನ್ಯೂಕ್ಲಿನ್ ಗಂಟು ಬಿಡಿಸುವ ಕಿಣ್ವಗಳು: ಟ್ಯೂಬಿನಲ್ಲಿ ನೋಡುವ ಬಗೆ

ಪಾರ್ಕಿನ್ಸನ್ ಕಾಯಿಲೆಯಲ್ಲಿ ನರಕೋಶದೊಳಗೆ ಗಂಟುಗಟ್ಟುವ ಪ್ರೋಟೀನು ಆಲ್ಫಾ-ಸಿನ್ಯೂಕ್ಲಿನ್. ಅದರ ಫೈಬ್ರಿಲ್‌ಗಳನ್ನು (ಗಂಟುಗಟ್ಟಿದ ಪ್ರೋಟೀನಿನ ನಾರುಗಳನ್ನು) ಬಿಡಿಸಬಲ್ಲ ತಂಡ ಕೋಶದಲ್ಲೇ ಇದೆ. ಕೋಶದ ಇಂಧನವಾದ ಎಟಿಪಿ ಒಡೆದು ಆ ಶಕ್ತಿಯಿಂದ ಕೆಲಸ ಮಾಡುವ ಕಿಣ್ವ ಹೆಚ್‌ಎಸ್‌ಸಿ70. ಅದನ್ನು ಫೈಬ್ರಿಲ್ ಮೇಲೆ ಕೂರಿಸುವುದು ಡಿಎನ್‌ಎಜೆಬಿ1. ಎಟಿಪಿ ಒಡೆದ ಮೇಲೆ ಉಳಿಯುವ ಎಡಿಪಿಯನ್ನು ಕಳಚುವುದು ಎಪಿಜಿ2.

ಮೊದಲು ಫೈಬ್ರಿಲ್ ಬೆಳೆಸಬೇಕು. ಮಾನೋಮರನ್ನು (ಬಿಡಿ ಪ್ರೋಟೀನ್ ಅಣುಗಳನ್ನು) ಸೆಂಟ್ರಿಫ್ಯೂಜಿನಲ್ಲಿ 1,00,000 ಜಿ (ಗುರುತ್ವದ ಅಷ್ಟು ಪಟ್ಟು) ಬಲದಲ್ಲಿ ತಿರುಗಿಸಿ ಹಳೆಯ ಗಂಟುಗಳನ್ನು ತೆಗೆಯುತ್ತೇವೆ. ಆಮೇಲೆ 200 ಮೈಕ್ರೋಮೋಲಾರ್ ದ್ರಾವಣವನ್ನು 37 ಡಿಗ್ರಿಯಲ್ಲಿ ಒಂದು ವಾರ ಕುಲುಕಿಸುತ್ತೇವೆ. ಮೇಜಿನ ಮೇಲೆ ಚೆಲ್ಲಿದರೆ 1% ಎಸ್‌ಡಿಎಸ್ ಎಂಬ ಡಿಟರ್ಜೆಂಟ್‌ನಿಂದ ಒರೆಸಿ; ಆಲ್ಕೋಹಾಲನ್ನು ನಂಬಬೇಡಿ.

ಪ್ರಯೋಗಕ್ಕೆ ಫೈಬ್ರಿಲ್ 2 ಮೈಕ್ರೋಮೋಲಾರ್ (ಮಾನೋಮರ್ ಲೆಕ್ಕದಲ್ಲಿ), ಹೆಚ್‌ಎಸ್‌ಸಿ70 4, ಡಿಎನ್‌ಎಜೆಬಿ1 2, ಎಪಿಜಿ2 0.4. ಬಫರ್: 50 ಮಿಲಿಮೋಲಾರ್ ಹೆಪೆಸ್, ಪಿಹೆಚ್ 7.5, 50 ಪೊಟ್ಯಾಸಿಯಂ ಕ್ಲೋರೈಡ್, 5 ಮೆಗ್ನೀಸಿಯಂ ಕ್ಲೋರೈಡ್, 2 ಡಿಟಿಟಿ. 2 ಮಿಲಿಮೋಲಾರ್ ಎಟಿಪಿ ಹಾಕಿದ ಕ್ಷಣದಿಂದ ಗಡಿಯಾರ ಶುರು. ತಾಪ 30 ಡಿಗ್ರಿ.

ಸೋಡಿಯಂ ಹೆಚ್ಚಿರುವ ಸಾಮಾನ್ಯ ಬಫರ್ ಪಿಬಿಎಸ್ ಬೇಡವೇ ಬೇಡ. ಹೆಚ್‌ಎಸ್‌ಸಿ70ಗೆ ಪೊಟ್ಯಾಸಿಯಂ ಬೇಕು, ಸೋಡಿಯಂನಲ್ಲಿ ಎಟಿಪಿ ಒಡೆಯುವುದು ಕುಗ್ಗುತ್ತದೆ. ಎಡಿಪಿಯನ್ನು ಮತ್ತೆ ಎಟಿಪಿ ಮಾಡಲು ಪೈರುವೇಟ್ ಕೈನೇಸ್ ಮತ್ತು 3 ಮಿಲಿಮೋಲಾರ್ ಫಾಸ್ಫೋಈನಾಲ್‌ಪೈರುವೇಟ್ ಹಾಕದಿದ್ದರೆ ಗ್ರಾಫ್ ನಡುವೆಯೇ ಚಪ್ಪಟೆಯಾಗುತ್ತದೆ.

ಹೆಚ್ಚಿನವರು ಎಡವುವುದು ಎಪಿಜಿ2 ಪ್ರಮಾಣದಲ್ಲಿ. ಸ್ವಲ್ಪ ಇದ್ದರೆ ಕೆಲಸ ಚುರುಕು, ಹೆಚ್ಚಿದ್ದರೆ ಇನ್ನೂ ಚುರುಕು ಎಂದುಕೊಳ್ಳುತ್ತಾರೆ. ಆಗುವುದು ಉಲ್ಟಾ: ಎಡಿಪಿ ಬೇಗ ಕಳಚಿಬಿಟ್ಟರೆ ಹೆಚ್‌ಎಸ್‌ಸಿ70 ಹಿಡಿತ ಬಿಗಿಯಾಗುವ ಮೊದಲೇ ಸಡಿಲುತ್ತದೆ. ಹೆಚ್‌ಎಸ್‌ಸಿ70ರ ಹತ್ತನೇ ಒಂದು ಪಾಲಿನಿಂದ ಆರಂಭಿಸಿ, ಎರಡೂ ಕಡೆ ಬದಲಿಸಿ ನೋಡಿ. ಹೊಸ ಬ್ಯಾಚ್ ಬಂದಾಗಲೆಲ್ಲ ಇದನ್ನು ಮತ್ತೆ ಮಾಡುವುದು ಒಳ್ಳೆಯದು.

ಅಳೆಯಲು ಫೈಬ್ರಿಲ್‌ಗೆ ಅಂಟಿದಾಗ ಹೊಳೆಯುವ ಬಣ್ಣ ಥಿಯೋಫ್ಲೇವಿನ್ ಟಿ: 440 ನ್ಯಾನೋಮೀಟರಿನಲ್ಲಿ ಬೆಳಕು ಕೊಟ್ಟು 480ರಲ್ಲಿ ಓದಬೇಕು. ಎಟಿಪಿ ಇಲ್ಲದ ಬಾವಿಯಲ್ಲೂ (ಪ್ಲೇಟಿನ ಪುಟ್ಟ ಕುಳಿಯಲ್ಲೂ) ಹೊಳಪು ಇಳಿದರೆ ಅದು ಬಹುಮಟ್ಟಿಗೆ ಬಣ್ಣ ಮಾಸಿದ್ದು, ಕಿಣ್ವದ ಕೆಲಸವಲ್ಲ. ರೀಡಿಂಗ್‌ಗಳ ನಡುವಿನ ಅಂತರ ಹೆಚ್ಚಿಸಿ, ಪ್ಲೇಟಿಗೆ ಸೀಲ್ ಹಾಕಿ.

ಹೊಳಪು ಇಳಿದ ಮಾತ್ರಕ್ಕೆ ಎಲ್ಲವೂ ಮಾನೋಮರ್ ಆಯಿತೆಂದು ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಫೈಬ್ರಿಲ್ ತುಂಡಾಗಿರಲೂಬಹುದು, ಮತ್ತು ತುಂಡುಗಳು ಹೊಸ ಗಂಟಿಗೆ ಬೀಜವಾಗಬಲ್ಲವು. ರೋಗದ ದೃಷ್ಟಿಯಿಂದ ಅದು ಮೊದಲಿಗಿಂತ ಕೆಟ್ಟದ್ದೂ ಆಗಬಹುದು. ಹಾಗಾಗಿ ಮಾದರಿಯನ್ನು ಮತ್ತೆ 1,00,000 ಜಿಯಲ್ಲಿ ತಿರುಗಿಸಿ, ಮೇಲಿನ ದ್ರವವನ್ನೂ ತಳದ ಗಸಿಯನ್ನೂ ಬೇರೆ ಬೇರೆ ಜೆಲ್ ಲೇನ್‌ಗಳಲ್ಲಿ ಓಡಿಸಿ ಆಂಟಿಬಾಡಿಯಿಂದ ನೋಡುತ್ತೇವೆ. ಜೆಲ್‌ನ ಎಸ್‌ಡಿಎಸ್ ತುಂಡುಗಳನ್ನೂ ಬಿಚ್ಚಬಲ್ಲದಾದ್ದರಿಂದ, ಮೇಲಿನ ದ್ರವವನ್ನು ಹೊಸ ಮಾನೋಮರಿಗೂ ಸೇರಿಸಿ ಗಂಟು ಕಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುತ್ತೇವೆ. ಕಿಣ್ವಗಳು ಅದರಲ್ಲೇ ಉಳಿದಿರುವುದರಿಂದ, ಫೈಬ್ರಿಲ್ ಇಲ್ಲದೆ ಕಿಣ್ವ ಮಾತ್ರ ಸೇರಿಸಿದ ಬಾವಿ ಜೊತೆಗಿರಲೇಬೇಕು.