ಶಾನುಭೋಗರೋ ಶಾನಭಾಗರೋ: ಪೂರ್ವಿಕರೊಬ್ಬರನ್ನು ಹುಡುಕಿದ ಬಗೆ

ನಮ್ಮ ಮನೆತನದ ಅಡ್ಡಹೆಸರು ಕುಂದಾಪುರದ ಕಾಗದಪತ್ರಗಳಲ್ಲಿ ‘ಶಾನುಭೋಗ’ ಎಂದೂ ಹೊನ್ನಾವರದ ದಾಯಾದಿಗಳಲ್ಲಿ ‘ಶಾನಭಾಗ’, ‘ಶ್ಯಾನಭಾಗ’ ಎಂದೂ ಇದೆ. ಕುಂದಾಪುರಕ್ಕೆ ಬಂದು ನೆಲೆಸಿದ ಹಿರಿಯರ, ಅಂದರೆ ನನ್ನ ಮುತ್ತಜ್ಜನ ತಂದೆಯ, ಮೂಲ ಊರನ್ನು ಪತ್ತೆಹಚ್ಚಲು ಹೊರಟಾಗ, ಈ ರೂಪಗಳನ್ನೆಲ್ಲ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಹಾಳೆಯಲ್ಲಿ ಬರೆದುಕೊಂಡು, ಹೋದ ಕಚೇರಿಗಳಲ್ಲೆಲ್ಲ ಅದನ್ನು ಮುಂದಿಟ್ಟುಕೊಂಡೇ ಸೂಚಿಗಳನ್ನು ನೋಡಿದೆ.

ಬರಹ ಹೀಗೆ ಕವಲೊಡೆಯಲು ಆಡಳಿತದ ಗಡಿಯೂ ಒಂದು ಕಾರಣವೆಂದು ನನಗೆ ತೋರುತ್ತದೆ. 1862ರಲ್ಲಿ ಉತ್ತರ ಕನ್ನಡವು ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲೆ, ಹೊನ್ನಾವರ, ಭಟ್ಕಳದವರ ಕಡತಗಳು ಮುಂಬಯಿ ಪ್ರಾಂತ್ಯದಲ್ಲೂ ನೆರೆಯ ಬೈಂದೂರು, ಕುಂದಾಪುರದವರ ಕಡತಗಳು ಮದ್ರಾಸಿನಲ್ಲೂ ಬೆಳೆದವು. ಮುಂಬಯಿ ಪದ್ಧತಿಯಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಪೂರ್ತಿಯಾಗಿ ಬರುತ್ತಿದ್ದರೆ, ಮದ್ರಾಸಿನ ಕಡೆ ಊರಿನದೋ ತಂದೆಯದೋ ಮೊದಲ ಅಕ್ಷರವಷ್ಟೇ ಹೆಸರಿನ ಮುಂದೆ ನಿಲ್ಲುತ್ತಿತ್ತು. ಆ ಅಕ್ಷರ ಯಾರದೆಂದು ಕಡತ ಹೇಳುವುದಿಲ್ಲ.

ಆ ಕೊರತೆಯನ್ನು ತುಂಬಿದ್ದು ಶ್ರಾದ್ಧದ ಪುಸ್ತಕ. ಸಂಕಲ್ಪದಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂಬ ಮೂರು ತಲೆಯವರನ್ನು ವಸು, ರುದ್ರ, ಆದಿತ್ಯ ರೂಪರೆಂದು ಗೋತ್ರಸಹಿತ ಹೆಸರಿಸುತ್ತಾರೆ. ಅಡ್ಡಹೆಸರಿಗೆ ಅಲ್ಲಿ ಜಾಗವೇ ಇಲ್ಲ. ನನ್ನ ಅಜ್ಜ ತಮ್ಮ ತಂದೆಯ ಶ್ರಾದ್ಧಕ್ಕೆಂದು ಬರೆದಿಟ್ಟಿದ್ದ ಪುಟದಿಂದ ನನಗೆ ಬೇಕಾದ ಹಿರಿಯರ ಹೆಸರಷ್ಟೇ ಅಲ್ಲದೆ ಅವರ ತಂದೆಯ ಹೆಸರೂ ದೊರೆಯಿತು. ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿ ನಮ್ಮಲ್ಲಿರುವುದರಿಂದ ಒಂದೇ ಹೆಸರು ತಲೆಮಾರು ಬಿಟ್ಟು ಮರಳುತ್ತದೆ. ತಂದೆಯ ಹೆಸರು ಜೊತೆಗಿಲ್ಲದ ಯಾವ ನಮೂದನ್ನೂ ನಾನು ನಂಬಲಿಲ್ಲ.

ಹಿಂದೆ ಊರಿನ ಕಂದಾಯದ ಲೆಕ್ಕ ಬರೆಯುತ್ತಿದ್ದವರ ಹುದ್ದೆಯ ಹೆಸರೂ ಶಾನುಭೋಗ ಎಂದಿದ್ದುದು ಇನ್ನೊಂದು ತೊಡಕು. ಹಾಗಾಗಿ ಹೆಸರು ಪತ್ರದ ಒಳಗೆ ಆಸ್ತಿಯ ಹಕ್ಕುದಾರನಾಗಿ ಬಂದಿದೆಯೋ, ಅಡಿಯಲ್ಲಿ ಬರೆದಾತನ ಅಥವಾ ಸಾಕ್ಷಿಯ ಜಾಗದಲ್ಲಿದೆಯೋ ಎಂಬುದನ್ನು ಮೊದಲು ನೋಡಬೇಕಾಗುತ್ತಿತ್ತು. ಎರಡನೆಯ ಬಗೆಯವರು ಬೇರೆ ಜಾತಿಯವರೂ ಆಗಿರಬಹುದು.

ಕೊನೆಗೆ ಕೈಗೂಡಿದ್ದು ಜಮೀನಿನ ದಾರಿ. ಮೂಲಗೇಣಿಯು, ಅಂದರೆ ಜಮೀನಿನ ಶಾಶ್ವತ ಗೇಣಿಯು, ವಂಶಪಾರಂಪರ್ಯವಾಗಿ ನಡೆದುಬಂದ ಹಕ್ಕಾದ್ದರಿಂದ ಅದರ ಪತ್ರಗಳನ್ನು ಮನೆಗಳಲ್ಲಿ ಜೋಪಾನವಾಗಿ ಇಟ್ಟಿರುತ್ತಾರೆ. ನಮ್ಮ ತೋಟದ ಹಳೆಯ ಮೂಲಗೇಣಿ ಪತ್ರದಲ್ಲಿ ಅಡ್ಡಹೆಸರು ‘ಸಾನಭಾಗ’ ಎಂದಿತ್ತು. ಆದರೆ ತಂದೆಯ ಹೆಸರು ಶ್ರಾದ್ಧದ ಪುಟಕ್ಕೂ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿಗಳ ವಿವರ) ಇಂದಿನ ತೋಟಕ್ಕೂ ಹೊಂದುತ್ತಿತ್ತು, ಹೊನ್ನಾವರ ತಾಲೂಕಿನ ಹಳ್ಳಿಯೊಂದರ ಹೆಸರು ‘ಮೂಲ ವಾಸ’ ಎಂದು ನಮೂದಾಗಿತ್ತು. ಆ ಹಳ್ಳಿಯ ಶಾನಭಾಗರ ಗೋತ್ರವೂ ಕುಲದೇವತೆಯೂ ನಮ್ಮವೇ. ಅವರ ಮನೆಯ ಹಿರಿಯರ ಪಟ್ಟಿಯಲ್ಲಿಯೂ ಅದೇ ತಂದೆ, ಅದೇ ಮಗ ಇದ್ದು, ಮಗನ ಮುಂದೆ ‘ತೆಂಕಣಕ್ಕೆ ಹೋದವ’ ಎಂದಷ್ಟೇ ಬರೆದಿತ್ತು.

ವಂಶವೃಕ್ಷದಲ್ಲಿ ಪ್ರತಿಯೊಬ್ಬರ ಹೆಸರನ್ನು ಆಯಾ ಪತ್ರದಲ್ಲಿದ್ದಂತೆಯೇ, ‘ಸಾನಭಾಗ’ವನ್ನೂ ತಿದ್ದದೆ, ಪತ್ರದ ವರ್ಷದೊಡನೆ ಬರೆದಿಟ್ಟಿದ್ದೇನೆ.