ಗ್ಯಾಸ್ ಗಾಡಿಗೆ ಪ್ಲಗ್: 0.8 ಮಿಲಿಮೀಟರ್ ಗ್ಯಾಪ್ ಇಟ್ಟು ಮಿಸ್ಸಿಂಗ್ ಬಿಡಿಸಿದ್ದು ಹೀಗೆ

ಸಿಎನ್‌ಜಿ ಗಾಡಿಗೆ ಪ್ಲಗ್ ಗ್ಯಾಪ್, ಅಂದ್ರೆ ತುದಿಯಲ್ಲಿ ಕಿಡಿ ಹಾರೋ ಸಂದು, ಕಮ್ಮಿ ಮಾಡಿದ್ರೆ ಸ್ಪಾರ್ಕ್ ಸತ್ತು ಹೋಗುತ್ತೆ ಅಂತ ಸ್ಟ್ಯಾಂಡಿನಲ್ಲಿ ನನಗೆ ಪಾಠ ಹೇಳಿದವರೇ ಈಗ ಬಂದು ಸಂದು ಅಳೆಯೋ ನನ್ನ ಫೀಲರ್ ಗೇಜ್ ಕೇಳ್ತಾರೆ. ಕೊಡ್ತೀನಿ, ಆದ್ರೆ ಎದುರಿಗೇ ನಿಂತು ವಾಪಸ್ ಇಸ್ಕೊಳ್ತೀನಿ. ಬ್ಲೇಡು ಬಗ್ಗಿಸಿ ತಂದುಕೊಡೋ ಜನ.

ನನ್ನದು ಮೂರು ಸಿಲಿಂಡರ್, ಒಂದು ಲೀಟರ್ ಎಂಜಿನ್. ಪ್ಲಗ್ಗಿಗೊಂದು ಕಾಯಿಲ್, ಕಿಡಿಗೆ ವೋಲ್ಟೇಜ್ ಕೊಡೋದು ಅದೇ. ಬಳ್ಳಾರಿಯಿಂದ ತೋರಣಗಲ್ಲು, ಸಂಡೂರು, ಹೊಸಪೇಟೆ ಕಡೆ ಬಾಡಿಗೆ, ದಿನಕ್ಕೆ ನೂರೈವತ್ತು ಇನ್ನೂರು ಕಿಲೋಮೀಟರ್, ಎಲ್ಲಾ ಗ್ಯಾಸಿನಲ್ಲೇ. ಊರೊಳಗೆ ಏನೂ ತಕರಾರಿಲ್ಲ. ಸಂಡೂರು ದಾಟಿ ಕುಮಾರಸ್ವಾಮಿ ಗುಡಿಯ ಏರು ಹಿಡಿದಾಗ, ನಾಲ್ಕು ಜನ ಕೂತು ಎಸಿ ಬೇರೆ ಹಾಕಿದ್ರೆ, ಮೂರನೇ ಗೇರಿನಲ್ಲಿ ಜರ್ಕ್ ಹೊಡೆಯೋದು, ಚೆಕ್ ಲೈಟ್ ಮಿನುಗೋದು. ಪೆಟ್ರೋಲಿಗೆ ಹಾಕಿದ ತಕ್ಷಣ ಸುಮ್ಮನಾಗೋದು.

ಪೆಟ್ರೋಲಲ್ಲಿ ಸರಿ ಇದೆ ಅಂದ ಮೇಲೆ ಎಲ್ಲರ ಬೆರಳೂ ಗ್ಯಾಸ್ ಕಿಟ್ ಕಡೆಗೆ. ಮೊದಲನೇ ಗ್ಯಾರೇಜಿನವನು ಗ್ಯಾಸ್ ಇಂಜೆಕ್ಟರ್ ಕ್ಲೀನಿಂಗ್ ಅಂತ ಒಂದೂವರೆ ಸಾವಿರ ತಗೊಂಡ. ಎರಡನೆಯವನು ಫಿಲ್ಟರ್ ಬದಲಿಸಿ, ಲ್ಯಾಪ್‌ಟಾಪ್ ಹಚ್ಚಿ ಟ್ಯೂನಿಂಗ್ ಮಾಡಿ ಎರಡು ಸಾವಿರದ ಹತ್ತಿರ. ಮೂರನೆಯವನು ಎರಡು ಕಾಯಿಲ್ ಹೋಗಿದೆ ಅಂದ, ನಾಲ್ಕು ಸಾವಿರದ ಮೇಲಾಯ್ತು. ನಾನು ಪ್ಲಗ್ ಬಿಚ್ಚಿ ನೋಡ್ರಿ ಅಂದ್ರೆ, "ಹ್ವಾದ ವರ್ಷ ಹಾಕಿದ್ದಲ್ಲೇನಣ್ಣಾ, ಇನ್ನೂ ಮೂವತ್ತು ಸಾವಿರ ಓಡಿಲ್ಲ, ನಲವತ್ತು ಬರ್ತಾವ ಬಿಡು." ಎಂಟು ಸಾವಿರ ಕೈಬಿಟ್ಟ ಮೇಲೂ ಗುಡಿ ಏರಿನಲ್ಲಿ ಅದೇ ಜರ್ಕ್.

ಆರುನೂರು ರೂಪಾಯಿದೊಂದು ಬ್ಲೂಟೂತ್ ಸ್ಕ್ಯಾನರ್ ತಂದು ನಾನೇ ನೋಡಿದೆ. ಪಿ0302 ಅನ್ನೋ ಕೋಡ್, ಅಂದ್ರೆ ಎರಡನೇ ಸಿಲಿಂಡರ್ ಮಿಸ್, ಅದರೊಳಗೆ ಸರಿಯಾಗಿ ಉರೀತಿಲ್ಲ. ಎರಡನೇ ಕಾಯಿಲನ್ನ ಒಂದನೆಯದಕ್ಕೆ ಹಾಕಿ ಓಡಿಸಿದೆ. ಕೋಡ್ ಎರಡರಲ್ಲೇ ಉಳೀತು. ಕಾಯಿಲ್ ನಿರಪರಾಧಿ. ಇಷ್ಟು ನೋಡೋಕೆ ಹತ್ತು ನಿಮಿಷ ಸಾಕು. ನಾಲ್ಕು ಸಾವಿರ ಹೋದದ್ದು ಈಗ್ಲೂ ಹೊಟ್ಟೆ ಉರಿಯುತ್ತೆ.

ಪ್ಲಗ್ ಬಿಚ್ಚಿ ಗೇಜ್ ಹಾಕಿದೆ. ಡಬ್ಬಿಯಿಂದ ಬಂದಾಗ ಗ್ಯಾಪ್ 1.1 ಮಿಲಿಮೀಟರ್ ಇತ್ತು, ಈಗ 1.3ರ ಬ್ಲೇಡು ಸಲೀಸಾಗಿ ಒಳಗೆ ಹೋಯ್ತು. ಎರಡನೆಯದರ ನಡುಗಡ್ಡಿಯ, ಅಂದ್ರೆ ಪ್ಲಗ್ಗಿನ ನಡುವಿನ ಲೋಹದ ಕಡ್ಡಿಯ, ಅಂಚು ಸವೆದು ಗುಂಡಗಾಗಿತ್ತು. ಗ್ಯಾಸಿನಲ್ಲಿ ಕಿಡಿ ಹಾರೋಕೆ ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು, ಏರಿನಲ್ಲಿ ಸಿಲಿಂಡರ್ ಪ್ರೆಶರ್ ಏರಿದಾಗ ಇನ್ನೂ ಹೆಚ್ಚು. ಗ್ಯಾಪ್ ಅಗಲ ಆದ್ರೆ ಕಾಯಿಲ್ ಎಲ್ಲಿಂದ ತರುತ್ತೆ?

ಅಷ್ಟಾದ್ರೂ ಮೊದಲು ಇರಿಡಿಯಂ, ಅಂದ್ರೆ ನಡುಗಡ್ಡಿಯ ತುದಿಗೆ ಬೇಗ ಸವೆಯದ ಇರಿಡಿಯಂ ಲೋಹ ಇರೋ ಪ್ಲಗ್ಗಿನ ಪ್ರಯೋಗ ಮಾಡಿದೆ. ಒಂದಕ್ಕೆ ಏಳುನೂರು ಚಿಲ್ಲರೆ, ಮೂರಕ್ಕೆ ಎರಡು ಸಾವಿರದ ಮೇಲೆ. ಹಾಕಿದ ವಾರ ಗಾಡಿ ಹಾರ್ತಿತ್ತು. ಏಪ್ರಿಲ್ ಬಂತು, ನಮ್ಮೂರ ಬಿಸಿಲು ನಲವತ್ತು ಡಿಗ್ರಿ ದಾಟಿತು, ಎಸಿ ಲೋಡ್ ಕೂಡಿತು, ಏರಿನಲ್ಲಿ ಮತ್ತೆ ಸಣ್ಣಗೆ ಜರ್ಕ್. ಅದೂ 1.1 ಗ್ಯಾಪಿನದೇ. ಅದನ್ನ ಒತ್ತಿ ಸಣ್ಣ ಮಾಡೋಣ ಅಂದ್ರೆ ನಡುಗಡ್ಡಿ ಅರ್ಧ ಮಿಲಿಮೀಟರ್ ಆಸುಪಾಸು ದಪ್ಪ, ತುಸು ತಗುಲಿದ್ರೆ ಮುರಿಯುತ್ತೆ. ಪೆಟ್ರೋಲ್ ಗಾಡಿಯವರಿಗೆ ಇರಿಡಿಯಂ ಬಂಗಾರ, ಎಂಬತ್ತು ಸಾವಿರ ತೆಗೆದು ನೋಡಂಗಿಲ್ಲ. ನಮಗೆ ಅಲ್ಲ.

ಕೊನೆಗೆ ಸಾದಾ ನಿಕ್ಕಲ್ ಪ್ಲಗ್ ಮೂರು, ಸುಮಾರು ನೂರೈವತ್ತರಂತೆ. ನಡುಗಡ್ಡಿ ಮೇಲೆ ಬಾಗಿರೋ ಕೊಕ್ಕೆಯನ್ನ ಮರದ ತುಂಡಿನ ಮೇಲೆ ಮೆತ್ತಗೆ ತಟ್ಟಿ 0.8ಕ್ಕೆ ತಂದೆ. ತಟ್ಟೋದು ಕೊಕ್ಕೆಯನ್ನ ಮಾತ್ರ, ನಡುಗಡ್ಡಿಗೆ ಒತ್ತಡ ಬಿದ್ರೆ ಒಳಗೆ ಪಿಂಗಾಣಿ ಬಿರುಕು ಬಿಡುತ್ತೆ. ಕೊಕ್ಕೆ ಸೊಟ್ಟಗಾಗದೆ ಮೂರೂ ಒಂದೇ ಅಳತೆಗೆ ಬರೋಕೆ ನನ್ನದೊಂದು ಉಪಾಯ ಇದೆ, ಅದನ್ನ ಇಲ್ಲಿ ಬರೆಯಲ್ಲ. ಹೊರಗಿನ ಗಾಡಿಗಳಿಗೆ ನಾನು ತಗೊಳ್ಳೋ ಇನ್ನೂರು ರೂಪಾಯಿ ಅದರದ್ದೇ.

ಅವತ್ತೇ ಸಂಡೂರಿಗೆ ಹೋದೆ. ಎಸಿ ಫುಲ್, ನಾಲ್ಕು ಜನ, ಮೂರನೇ ಗೇರು. ಸದ್ದಿಲ್ಲದೆ ಹತ್ತಿತು. ಆಮೇಲೆ ಎರಡು ಬೇಸಿಗೆ ಕಳೆದವು, ಕೋಡ್ ಬಂದಿಲ್ಲ.

ಅಷ್ಟಕ್ಕೇ ಬಿಡದೆ 0.6ಕ್ಕೂ ಇಳಿಸಿ ನೋಡಿದೆ. ಏರಿನಲ್ಲಿ ಚೆನ್ನಾಗಿಯೇ ಇತ್ತು, ಆದ್ರೆ ಬೆಳಿಗ್ಗೆ ಪೆಟ್ರೋಲಿನಲ್ಲಿ ಸ್ಟಾರ್ಟ್ ಆದಾಗ ಐಡಲಿಂಗ್ ನಡುಗ್ತಿತ್ತು. ಹೀಟ್ ರೇಂಜ್, ಅಂದ್ರೆ ಪ್ಲಗ್ ತನ್ನ ಬಿಸಿ ಎಷ್ಟು ಬೇಗ ಬಿಟ್ಟುಕೊಡುತ್ತೆ ಅನ್ನೋ ಅಳತೆಯಲ್ಲಿ, ಒಂದು ನಂಬರ್ ತಣ್ಣಗಿನದನ್ನೂ ಹಾಕಿದೆ. ಊರೊಳಗೆ ಓಡಿಸಿದ ಮೇಲೆ ಕರಿ ಮಸಿ ಕೂತಿತು, ತೆಗೆದೆ. ಇಲ್ಲೊಂದು ಮಾತು: ಎನ್‌ಜಿಕೆ ಕಂಪನಿ ಪ್ಲಗ್ಗಲ್ಲಿ ನಂಬರ್ ದೊಡ್ಡದಾದಷ್ಟೂ ಪ್ಲಗ್ ತಣ್ಣಗೆ, ಬಾಷ್‌ನಲ್ಲಿ ಉಲ್ಟಾ. ಅಂಗಡಿ ಹುಡುಗರು "ಅದೂ ಆರು ಇದೂ ಆರು" ಅಂತ ಕೈಗೆ ಕೊಟ್ಟುಬಿಡ್ತಾರೆ, ಪ್ಲಗ್ ಕಂಪನಿಯ ಕೋಷ್ಟಕ ನೋಡಿ ತಗೊಳ್ಳಿ.

ಬಿಚ್ಚೋದು ಹಾಕೋದು ನಿಮಗೆ ಗೊತ್ತೇ ಇದೆ. ನಮ್ಮ ಸೀಮೆಗೆ ಬೇಕಾದ್ದಷ್ಟು ಹೇಳ್ತೀನಿ. ತೋರಣಗಲ್ಲು, ಸಂಡೂರು ಕಡೆ ಓಡಿದ ಗಾಡಿಯಲ್ಲಿ ಕಾಯಿಲ್ ಎತ್ತಿದ್ರೆ ಪ್ಲಗ್ ಗುಂಡಿಯ ಸುತ್ತ ಅದಿರಿನ ಕೆಂಪು ಧೂಳು ಗೆರೆ ಕಟ್ಟಿರುತ್ತೆ. ಹಾಗೇ ಪಾನಾ ತಿರುಗಿಸಿದ್ರೆ ಅದೆಲ್ಲ ಸಿಲಿಂಡರಿನೊಳಗೆ. ನಾನು ಪಂಕ್ಚರ್ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ಹತ್ತು ರೂಪಾಯಿ ಕೊಟ್ಟು ಗಾಳಿ ಹೊಡಿಸ್ತೀನಿ. ಅರ್ಧ ಸುತ್ತು ಸಡಿಲ ಮಾಡಿ ಇನ್ನೊಮ್ಮೆ ಗಾಳಿ, ಆಮೇಲೇ ಪೂರ್ತಿ ಬಿಚ್ಚೋದು. ಎಂಜಿನ್ ಬಿಸಿ ಇದ್ದಾಗ ಮುಟ್ಟೋದೇ ಬೇಡ, ಹೆಡ್ ಅಲ್ಯೂಮಿನಿಯಂದು, ಥ್ರೆಡ್ ಕಿತ್ತು ಬಂದ್ರೆ ಪ್ಲಗ್ ಖರ್ಚಿನ ಹತ್ತಿಪ್ಪತ್ತು ಪಟ್ಟು ದಂಡ. ಬೇಸಿಗೆಯಲ್ಲಿ ನಸುಕಿನಲ್ಲೇ, ಮೊದಲ ಬಾಡಿಗೆಗೆ ಮುಂಚೆ ಮುಗಿಸ್ತೀನಿ. ಹೊಸದನ್ನ ಹಳೇ ಪೆಟ್ರೋಲ್ ಪೈಪಿನ ತುಂಡಿಗೆ ಸಿಕ್ಕಿಸಿ ಬೆರಳಲ್ಲಿ ತಿರುಗಿಸ್ತೀನಿ. ಥ್ರೆಡ್ ಅಡ್ಡ ಹತ್ತಿದ್ರೆ ಪೈಪೇ ಜಾರುತ್ತೆ, ಪಾನಾ ಜಾರಲ್ಲ. ವಾಷರ್ ಕೂತ ಮೇಲೆ ಅರ್ಧ ಸುತ್ತು, ತುಸು ಹೆಚ್ಚು. ಜೋರು ತೋರಿಸಬೇಡಿ.

ಪ್ಲಗ್ ಮೇಲೆ ಕೂರೋ ಕಾಯಿಲಿನ ರಬ್ಬರ್ ಬೂಟ್ ನೋಡದೆ ಮುಚ್ಚಬೇಡಿ. ನನ್ನ ಎರಡನೇ ಪ್ಲಗ್ಗಿನ ಬಿಳಿ ಪಿಂಗಾಣಿ ಮೇಲೆ ಉದ್ದಕ್ಕೆ ಸಣ್ಣ ಕರಿ ಗೆರೆ, ಪೆನ್ಸಿಲಿನಲ್ಲಿ ಎಳೆದಂಗೆ. ಕಿಡಿ ಹೊರಗಿನಿಂದ ಇಳಿದು ಸುಟ್ಟ ದಾರಿ ಅದು. ಬೂಟಿನೊಳಗೂ ಅದೇ ಜಾಗದಲ್ಲಿ ಗುರುತಿತ್ತು. ಬೂಟ್ ಹಾಗೇ ಬಿಟ್ರೆ ಹೊಸ ಪ್ಲಗ್ಗಿನ ಮೇಲೂ ಅದೇ ಗೆರೆ ಮೂಡುತ್ತೆ. ನನ್ನ ಗಾಡಿಗೆ ಬೂಟ್ ಬೇರೆಯಾಗಿ ಸಿಕ್ತು, ಇನ್ನೂರರ ಒಳಗೆ. ಕಾಯಿಲನ್ನೇ ಬದಲಿಸಿದವನಿಗೆ ಇದು ಕಾಣಲಿಲ್ಲ. ಪಿಂಗಾಣಿ ಬುಡದಲ್ಲಿ ಸುತ್ತಲೂ ಕಂದು ಪಟ್ಟಿ ಕಂಡ್ರೆ ಮಾತ್ರ ಹೆದರಬೇಡಿ. ಹೈ ವೋಲ್ಟೇಜಿಗೆ ಎಣ್ಣೆ, ಧೂಳು ಅಂಟಿ ಬರೋ ಕಲೆ ಅದು, ಲೀಕೇಜ್ ಅಲ್ಲ.

ಯಾವಾಗ ಬದಲಿಸೋದು ಅಂದ್ರೆ, ನನ್ನ ಗಾಡಿಯಲ್ಲಿ ನಡುವೆ ತಟ್ಟದೆ ಬಿಟ್ರೆ ಇಪ್ಪತ್ತು ಸಾವಿರಕ್ಕೆ 0.8 ಇದ್ದದ್ದು 0.95, 1.0 ಹತ್ತಿರ ಆಗಿರುತ್ತೆ. ಅಲ್ಲಿಗೇ ಮೂರೂ ಒಟ್ಟಿಗೆ ಎಸೀತೀನಿ. ನಡುವೆ ಹತ್ತು ಸಾವಿರಕ್ಕೊಮ್ಮೆ ಗೇಜ್ ಹಾಕಿ ತಟ್ಟೋದು. ನಾನೂರೈವತ್ತು ರೂಪಾಯಿಗೆ ಇಪ್ಪತ್ತು ಸಾವಿರ ಕಿಲೋಮೀಟರ್, ಅಂದ್ರೆ ಕಿಲೋಮೀಟರಿಗೆ ಎರಡು ಪೈಸೆ ಚಿಲ್ಲರೆ. ಅದಕ್ಕೂ ಜಿಪುಣತನ ಮಾಡಿ ಉಪ್ಪುಕಾಗದದಲ್ಲಿ ತಿಕ್ಕಿ ಮತ್ತೆ ಹಾಕೋರಿದ್ದಾರೆ. ತಿಕ್ಕಿದ್ರೆ ಸವೆದ ಅಂಚು ವಾಪಸ್ ಬರಲ್ಲ.

ಇರಿಡಿಯಂ ಮೂರೂ ಡಬ್ಬಿಯಲ್ಲಿ ಹಾಗೇ ಇವೆ, ಐದಾರು ಸಾವಿರ ಕಿಲೋಮೀಟರೂ ಓಡಿಲ್ಲ. ಪೆಟ್ರೋಲ್ ಗಾಡಿಯವರು ಯಾರಾದ್ರೂ ಇದ್ರೆ ಅರ್ಧ ರೇಟಿಗೆ ಕೊಡ್ತೀನಿ, ಆದ್ರೆ ಮೊದಲು ಕೋಷ್ಟಕದಲ್ಲಿ ನಿಮ್ಮ ಗಾಡಿ ಮಾಡೆಲ್, ಎಂಜಿನಿಗೆ ಹೊಂದುತ್ತಾ ನೋಡ್ಕೊಂಡು ಬನ್ನಿ.